ಗರ್ಭದಲ್ಲೇ ಹಾಸುವ ತಳಪೊರೆ



ಶೇಗಾಂವ ಸುತ್ತಮುತ್ತ ದ್ರಾಕ್ಷಿ, ದಾಳಿಂಬೆ ಬೆಳೆಯುವವರಿಗೆ ಶೇತತಳೆ, ಅಂದರೆ ಕೃಷಿ ಹೊಂಡ, ಹೊಸ ವಿಷಯವಲ್ಲ. ಹೊಂಡ ತೋಡಿದ ಮೇಲೆ ಅದರ ತಳಕ್ಕೂ ಬದಿಗಳಿಗೂ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಸಾಮಾನ್ಯವಾಗಿ ಅದರ ದಪ್ಪ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರು. ನೀರು ತುಂಬಿದ ಮೇಲೆ ಆ ಹಾಳೆಯ ನೆನಪು ಯಾರಿಗೂ ಇರುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಮಡ್ಡಿ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಇನ್ನೊಂದು ಮಾತು: ಹಾಳೆಯನ್ನು ನೀರು ಬಿಡುವ ಮೊದಲೇ ಹಾಸಬೇಕು. ತುಂಬಿದ ಹೊಂಡಕ್ಕೆ ಆಮೇಲೆ ಹಾಸುತ್ತೇನೆಂದರೆ ಆಗದು.

ನಮ್ಮ ದೇಹದಲ್ಲಿಯೂ ಇಂಥ ಹಾಳೆಯೊಂದಿದೆ. ಚರ್ಮದ ಕೆಳಗೆ, ಶ್ವಾಸಕೋಶದ ಗಾಳಿಚೀಲಗಳ ಸುತ್ತ, ಮೂತ್ರಪಿಂಡದ ಸೋಸುವ ಗಂಟುಗಳಲ್ಲಿ, ಒಂದೊಂದು ಸ್ನಾಯುವಿನ ಎಳೆಯ ಸುತ್ತ, ರಕ್ತನಾಳಗಳ ಒಳಗೆ ಅದು ಹರಡಿಕೊಂಡಿದೆ. ವೈದ್ಯರು ಅದನ್ನು ಬೇಸ್‌ಮೆಂಟ್ ಮೆಂಬ್ರೇನ್ ಎನ್ನುತ್ತಾರೆ. ನಾವು ತಳಪೊರೆ ಎನ್ನೋಣ. ಈ ಹಾಳೆಯನ್ನು ಹಾಸುವ ಕೆಲಸ ತಾಯಿಯ ಗರ್ಭದಲ್ಲಿಯೇ ಆಗುತ್ತದೆ. ಮಗುವಿನ ಮೈಮೇಲೆ ಗುಳ್ಳೆ ಎದ್ದಾಗ, ಮಗು ಕತ್ತು ನಿಲ್ಲಿಸದಿದ್ದಾಗ, ಇಪ್ಪತ್ತರ ಹರೆಯದ ಮಗನ ಮೂತ್ರಪಿಂಡ ಕೆಟ್ಟಾಗ, ಕೆಲವೊಮ್ಮೆ ಅದರ ಮೂಲ ಈ ಹಾಳೆಯಲ್ಲಿ ಇರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಅಂಥ ಹೊತ್ತಿಗೆ ದೂರು ಹೋಗುವುದು ತಾಯಿಯ ಮೇಲೆ. ಆದ್ದರಿಂದ ಈ ಸಲ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ತಳಪೊರೆ ಎಂದರೇನು?

ದೇಹವು ಜೀವಕೋಶಗಳಿಂದ ಆಗಿದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಜೀವಕೋಶಗಳನ್ನು ಬರೀ ರಾಶಿ ಹಾಕಿದರೆ ಅಂಗವಾಗುವುದಿಲ್ಲ. ಜೋಳದ ರಾಶಿಗೂ ಜೋಳದ ತೆನೆಗೂ ವ್ಯತ್ಯಾಸವಿದೆಯಷ್ಟೆ. ತೆನೆಯಲ್ಲಿ ಪ್ರತಿ ಕಾಳಿಗೂ ಕೂರಲು ಒಂದು ಜಾಗವಿದೆ, ಮೇಲೆ ಯಾವುದು, ಕೆಳಗೆ ಯಾವುದು ಎಂಬ ಕ್ರಮವಿದೆ. ಜೀವಕೋಶಗಳಿಗೆ ಆ ಜಾಗ ಮತ್ತು ಕ್ರಮವನ್ನು ಕೊಡುವುದು ತಳಪೊರೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಬೌಮನ್ 1840ರ ದಶಕದಲ್ಲಿಯೇ ಸೂಕ್ಷ್ಮದರ್ಶಕದಿಂದ ಇದನ್ನು ಕಂಡು ವಿವರಿಸಿದ್ದರು. ಆದರೆ ಅದು ಯಾವುದರಿಂದ ಆಗಿದೆ ಎಂಬುದು ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಅದರ ದಪ್ಪವಾದರೋ ಬಹಳ ಕಡಿಮೆ. ತಲೆಗೂದಲಿನ ಒಂದು ಎಳೆಯ ದಪ್ಪದಲ್ಲಿ ಇಂಥ ಸುಮಾರು ಸಾವಿರ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಬಹುದು. ಅಷ್ಟು ತೆಳುವಾದರೂ ಅದಕ್ಕೆ ನಾಲ್ಕು ಕೆಲಸಗಳಿವೆ: ಜೀವಕೋಶಗಳನ್ನು ಹಿಡಿದಿಡುವುದು, ಒಂದು ಪದರವನ್ನು ಇನ್ನೊಂದರಿಂದ ಬೇರ್ಪಡಿಸುವುದು, ಬೇಕಾದುದನ್ನು ಮಾತ್ರ ಸೋಸಿ ಬಿಡುವುದು, ಮತ್ತು ಬೆಳೆಯುವ ಜೀವಕೋಶಕ್ಕೆ 'ಇಲ್ಲಿ ನಿಲ್ಲು, ಇತ್ತ ಬೆಳೆ' ಎಂದು ಸೂಚನೆ ಕೊಡುವುದು.

ಅದನ್ನು ನೇಯುವ ಎಳೆಗಳು

ತಳಪೊರೆಯಲ್ಲಿ ಅನೇಕ ಪ್ರೋಟೀನುಗಳಿವೆ. ಮುಖ್ಯವಾದವು ನಾಲ್ಕು.

ಮೊದಲನೆಯದು ನಾಲ್ಕನೆಯ ಮಾದರಿಯ ಕೊಲಾಜೆನ್. ಇದು ಜಾಲರಿಯಂತೆ ಹೆಣೆದುಕೊಂಡು ಹಾಳೆಗೆ ಗಟ್ಟಿತನ ಕೊಡುತ್ತದೆ. ನಿಕೊಲಾಸ್ ಕೆಫಲಿಡಿಸ್ ಎಂಬ ವಿಜ್ಞಾನಿ 1966ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದರು. ಎರಡನೆಯದು ಲ್ಯಾಮಿನಿನ್. 1979ರಲ್ಲಿ ರೂಪರ್ಟ್ ಟಿಂಪಲ್ ಮತ್ತು ಅವರ ಸಂಗಡಿಗರು ಇಲಿಯ ಗಡ್ಡೆಯೊಂದರಿಂದ ಇದನ್ನು ಪಡೆದರು. ಜೀವಕೋಶಗಳು ಒಂದು ಕೈಯಿಂದ ಹಿಡಿದು ನಿಲ್ಲುವುದು ಈ ಲ್ಯಾಮಿನಿನ್ನನ್ನೇ. ಮೂರನೆಯದಾದ ನಿಡೋಜೆನ್, ಮೇಲಿನ ಎರಡನ್ನೂ ಸೇರಿಸುವ ಕೊಂಡಿ. ನಾಲ್ಕನೆಯದಾದ ಪರ್ಲೆಕಾನ್, ನೀರನ್ನು ಹಿಡಿದಿಟ್ಟು ಹಾಳೆಯನ್ನು ಮೆತ್ತಗಿಡುತ್ತದೆ.

ಲ್ಯಾಮಿನಿನ್ ಅಣು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಶಿಲುಬೆಯ ಆಕಾರದಲ್ಲಿ ಕಾಣುತ್ತದೆ. ಇದನ್ನೇ ದೇವರ ಸಹಿ ಎಂದು ಸಾರುವ ಬೋಧಕರಿದ್ದಾರೆ. ನೀವೂ ಚಿತ್ರ ನೋಡಿರಬಹುದು. ಮೂರು ಸರಪಳಿಗಳು ಹೆಣೆದುಕೊಂಡಾಗ ಆ ಆಕಾರ ಬರುತ್ತದೆ, ಅಷ್ಟೇ. ನಮ್ಮ ಚರ್ಮವನ್ನು ಹಿಡಿದಿರುವ ಲ್ಯಾಮಿನಿನ್ನಿಗೆ ಪೂರ್ತಿ ಶಿಲುಬೆಯ ತೋಳುಗಳೇ ಇಲ್ಲ, ಆದರೂ ಅದು ತನ್ನ ಕೆಲಸ ಮಾಡುತ್ತದೆ. ನಮ್ಮ ವಿಶ್ವಾಸ ಅಣುವಿನ ಆಕಾರದ ಮೇಲೆ ನಿಂತಿಲ್ಲ.

ಗರ್ಭದಲ್ಲಿ ಇದು ಹೇಗೆ ನಡೆಯುತ್ತದೆ?

ಈ ಹಾಳೆಯನ್ನು ಹೊರಗಿನಿಂದ ಯಾರೂ ತಂದು ಹಾಸುವುದಿಲ್ಲ. ಭ್ರೂಣದ ಜೀವಕೋಶಗಳೇ ಪ್ರೋಟೀನುಗಳನ್ನು ತಯಾರಿಸಿ ತಮ್ಮ ಕೆಳಗೆ ತಾವೇ ಹಾಸಿಕೊಳ್ಳುತ್ತವೆ. ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಳ್ಳುವ ದಿನಗಳಲ್ಲಿಯೇ, ಅಂದರೆ ತಾಯಿಗೆ ತಾನು ಬಸುರಿ ಎಂದು ತಿಳಿಯುವ ಮೊದಲೇ, ಮೊದಲ ಹಾಳೆ ಸಿದ್ಧವಾಗಿರುತ್ತದೆ. ಇಲಿಗಳಲ್ಲಿ ಲ್ಯಾಮಿನಿನ್ನಿನ ಒಂದು ಸರಪಳಿಯನ್ನು ತೆಗೆದುಹಾಕಿ 1999ರಲ್ಲಿ ನೋಡಿದರು. ಹಾಳೆಯೇ ಆಗಲಿಲ್ಲ, ಭ್ರೂಣ ಆರನೇ ದಿನ ದಾಟಲಿಲ್ಲ.

ಮೂರನೇ ವಾರದಲ್ಲಿ ಭ್ರೂಣದ ಕೆಲವು ಜೀವಕೋಶಗಳು ಈ ಹಾಳೆಯನ್ನು ಒಂದು ಕಡೆ ತೆರೆದು ಕೆಳಗಿಳಿಯುತ್ತವೆ. ಅವುಗಳಿಂದಲೇ ಮುಂದೆ ಎಲುಬು, ಸ್ನಾಯು, ರಕ್ತ, ಹೃದಯ ಆಗುತ್ತವೆ. ಆಮೇಲೆ ಒಂದೊಂದು ಅಂಗವೂ ತನಗೆ ತಕ್ಕ ಹಾಳೆಯನ್ನು ಹಾಸಿಕೊಳ್ಳುತ್ತದೆ.

ಶ್ವಾಸಕೋಶವನ್ನು ನೋಡಿ. ನಾಲ್ಕನೇ ವಾರದಲ್ಲಿ ಅದು ಒಂದು ಸಣ್ಣ ಮೊಗ್ಗು. ದ್ರಾಕ್ಷಿ ಬಳ್ಳಿಯಂತೆ ಕವಲೊಡೆಯುತ್ತಾ ಹೋಗುತ್ತದೆ. ಕುಡಿಯ ತುದಿಯಲ್ಲಿ ಹಾಳೆ ತೆಳುವಾಗಿರುತ್ತದೆ, ಆದ್ದರಿಂದ ಅಲ್ಲಿ ಬೆಳವಣಿಗೆ ಮುಂದೆ ಸಾಗುತ್ತದೆ. ಎರಡು ಕವಲುಗಳ ನಡುವಿನ ಸಂದಿಯಲ್ಲಿ ದಪ್ಪವಾಗಿರುತ್ತದೆ, ಆದ್ದರಿಂದ ಸಂದಿ ಸಂದಿಯಾಗಿಯೇ ಉಳಿಯುತ್ತದೆ. ಕೊನೆಗೆ ಗಾಳಿಚೀಲದ ಹಾಳೆಯೂ ರಕ್ತನಾಳದ ಹಾಳೆಯೂ ಒಂದಾಗಿ ಬೆಸೆದುಕೊಳ್ಳುತ್ತವೆ. ನಾವು ಉಸಿರಾಡುವ ಆಮ್ಲಜನಕ ರಕ್ತಕ್ಕೆ ದಾಟುವುದು ಆ ಒಂದಾದ ಹಾಳೆಯ ಮೂಲಕ.

ಮೂತ್ರಪಿಂಡದ ಕಥೆ ಇನ್ನೂ ಸೋಜಿಗದ್ದು. ಹನಿ ನೀರಾವರಿ ಮಾಡುವವರಿಗೆ ಫಿಲ್ಟರಿನ ಬೆಲೆ ಗೊತ್ತು. ಮೂತ್ರಪಿಂಡ ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಫಿಲ್ಟರುಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ಹೋಗುತ್ತದೆ. ಈ ಫಿಲ್ಟರಿನ ಜಾಳಿಗೆಯ ಮುಖ್ಯ ಭಾಗ ತಳಪೊರೆ. ಇದರ ಕೆಲಸ ಐದನೇ ವಾರದ ಹೊತ್ತಿಗೆ ಆರಂಭವಾಗಿ, ಗರ್ಭದ ಸುಮಾರು 36ನೇ ವಾರಕ್ಕೆ ಮುಗಿಯುತ್ತದೆ. ಅದಾದ ಮೇಲೆ ಜೀವನದಲ್ಲಿ ಹೊಸ ಫಿಲ್ಟರ್ ಒಂದೂ ಹುಟ್ಟುವುದಿಲ್ಲ.

ಅಲ್ಲಿ ಪ್ರೋಟೀನುಗಳ ಬದಲಾವಣೆಯೂ ಆಗುತ್ತದೆ. ದ್ರಾಕ್ಷಿ ಸಸಿಗೆ ಮೊದಲು ಬಿದಿರಿನ ಕೋಲು ಕಟ್ಟುತ್ತೇವೆ. ಬಳ್ಳಿ ದಪ್ಪವಾಗಿ ಗೊನೆ ಬಿಡುವ ಮೊದಲು ಕಬ್ಬಿಣದ ಆ್ಯಂಗಲ್, ತಂತಿಯ ಮಂಟಪ ನಿಲ್ಲಿಸುತ್ತೇವೆ. ಹಾಗೆಯೇ ಎಳೆಯ ಮೂತ್ರಪಿಂಡ ಮೊದಲು ಒಂದು ಜಾತಿಯ ಲ್ಯಾಮಿನಿನ್ ಮತ್ತು ಕೊಲಾಜೆನ್‌ನಿಂದ ಹಾಳೆ ಹಾಸುತ್ತದೆ. ಫಿಲ್ಟರು ಬಲಿತಂತೆ ಅವುಗಳನ್ನು ತೆಗೆದು ಹೆಚ್ಚು ಗಟ್ಟಿಯಾದ ಬೇರೆ ಜಾತಿಯವನ್ನು ತರುತ್ತದೆ.

ಚರ್ಮದಲ್ಲಿ, ಮೂರು ತಿಂಗಳು ತುಂಬುವ ಹೊತ್ತಿಗೆ ಮೇಲ್ಪದರವನ್ನು ಕೆಳಪದರಕ್ಕೆ ಕಟ್ಟುವ ಗೂಟಗಳೂ ಹಗ್ಗಗಳೂ ಮೂಡಿರುತ್ತವೆ. ಸ್ನಾಯುವಿನ ಪ್ರತಿ ಎಳೆಯ ಸುತ್ತಲೂ ಲ್ಯಾಮಿನಿನ್ನಿನ ಒಂದು ಕವಚ ಇರುತ್ತದೆ.

ಹಾಳೆ ಸರಿಯಾಗಿ ಆಗದಿದ್ದರೆ

ಚರ್ಮದ ಲ್ಯಾಮಿನಿನ್ ಇಲ್ಲದಿದ್ದರೆ, ಮೇಲಿನ ಚರ್ಮ ಕೆಳಗಿನದಕ್ಕೆ ಅಂಟಿಕೊಳ್ಳುವುದಿಲ್ಲ. ಗರ್ಭದ ನೀರಿನಲ್ಲಿ ಮಗುವಿಗೆ ಹೆಚ್ಚು ತಿಕ್ಕಾಟವಿಲ್ಲ. ಹುಟ್ಟಿ, ಎತ್ತಿಕೊಂಡು, ಒರೆಸಿ, ಬಟ್ಟೆ ಸುತ್ತಿದ ಕೂಡಲೇ ಚರ್ಮ ಗುಳ್ಳೆಯೆದ್ದು ಸುಲಿಯುತ್ತದೆ. ಈ ರೋಗಕ್ಕೆ ಎಪಿಡರ್ಮೊಲೈಸಿಸ್ ಬುಲ್ಲೋಸಾ ಎನ್ನುತ್ತಾರೆ. ಅದರಲ್ಲಿ ಹಲವು ಬಗೆ, ಕೆಲವು ಹಗುರ, ಕೆಲವು ಬಹಳ ಕಠಿಣ. ಇದು ಅಂಟುರೋಗವಲ್ಲ.

ಸ್ನಾಯುವಿನ ಲ್ಯಾಮಿನಿನ್ ಇಲ್ಲದಿದ್ದರೆ ಮಗು ಹುಟ್ಟಿನಿಂದಲೇ ಬಟ್ಟೆಯಂತೆ ಮೆತ್ತಗಿರುತ್ತದೆ. ಕತ್ತು ನಿಲ್ಲಿಸುವುದು, ಕೂರುವುದು ಬಹಳ ತಡವಾಗುತ್ತದೆ.

ಮೂತ್ರಪಿಂಡದಲ್ಲಿ ಗಟ್ಟಿ ಕೊಲಾಜೆನ್ ಬರದೇ ಹೋದರೆ ಬಿದಿರು ಕೋಲಿನ ಮೇಲೆಯೇ ಗೊನೆಯ ಭಾರ ಬಿದ್ದಂತೆ. ಕೆಲವು ವರ್ಷ ತಡೆಯುತ್ತದೆ, ಆಮೇಲೆ ಸೋರಲು ಶುರುವಾಗುತ್ತದೆ. ಇಂಥ ಒಂದು ಕುಟುಂಬವನ್ನು ಸೆಸಿಲ್ ಆಲ್ಪೋರ್ಟ್ ಎಂಬ ವೈದ್ಯರು 1927ರಲ್ಲಿ ವಿವರಿಸಿದರು: ಮೂತ್ರದಲ್ಲಿ ರಕ್ತ, ಕಿವುಡು, ಗಂಡುಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಮೂತ್ರಪಿಂಡ ವೈಫಲ್ಯ. ಕಾರಣವಾದ ಕೊಲಾಜೆನ್ನಿನ ವಂಶವಾಹಿ 1990ರಲ್ಲಿ ಸಿಕ್ಕಿತು. ಕಿವಿಯ ಒಳಗೂ ಅದೇ ಕೊಲಾಜೆನ್ ಇರುವುದರಿಂದ ಕಿವಿಯೂ ಕೆಡುತ್ತದೆ.

ಇವೆಲ್ಲ ಅಪರೂಪದ ರೋಗಗಳು. ಆದರೆ ಬಂದ ಮನೆಗೆ ಅಪರೂಪ ಎಂಬ ಮಾತಿನಿಂದ ಸಮಾಧಾನವಿಲ್ಲ.

ತಪ್ಪು ಯಾರದು?

ಬಸುರಿ ಗ್ರಹಣ ನೋಡಿದಳು, ಹಾವು ದಾಟಿದಳು, ತಿನ್ನಬಾರದ್ದು ತಿಂದಳು, ಹಿಂದಿನ ಪಾಪ ತಗಲಿತು ಎಂಬ ಮಾತುಗಳನ್ನು ನಮ್ಮ ಕಡೆ ಇನ್ನೂ ಕೇಳುತ್ತೇವೆ. ಇವುಗಳಿಗೆ ಯಾವ ಆಧಾರವೂ ಇಲ್ಲ. ಹುಟ್ಟು ಕುರುಡನನ್ನು ಕಂಡು 'ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ' ಎಂದು ಶಿಷ್ಯರು ಕೇಳಿದಾಗ ಪ್ರಭು ಎರಡನ್ನೂ ತಳ್ಳಿಹಾಕಿದ್ದನ್ನು ನೀವು ಬಲ್ಲಿರಿ.

ನಿಜವಾದ ಕಾರಣ ಹೀಗಿದೆ. ಒಂದೊಂದು ಪ್ರೋಟೀನನ್ನು ಹೇಗೆ ಮಾಡಬೇಕೆಂಬ ಬರಹ ಪ್ರತಿ ಜೀವಕೋಶದಲ್ಲೂ ಇದೆ. ಹೆಚ್ಚಿನ ಬರಹಗಳಿಗೆ ಎರಡು ಪ್ರತಿಗಳು, ಒಂದು ತಂದೆಯಿಂದ, ಒಂದು ತಾಯಿಯಿಂದ. ಒಂದು ಪ್ರತಿಯಲ್ಲಿ ತಪ್ಪಿದ್ದರೂ ಇನ್ನೊಂದು ಸರಿಯಿದ್ದರೆ ಸಾಮಾನ್ಯವಾಗಿ ಕೆಲಸ ಸಾಗುತ್ತದೆ. ಆ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ, ಅವನಿಗೆ ತಿಳಿಯುವುದೂ ಇಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಇಂಥ ಕೆಲವು ತಪ್ಪು ಪ್ರತಿಗಳನ್ನು ಹೊತ್ತಿದ್ದೇವೆ. ಒಂದೇ ಬರಹದಲ್ಲಿ ತಪ್ಪಿರುವ ಗಂಡೂ ಹೆಣ್ಣೂ ಮದುವೆಯಾದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಎರಡೂ ತಪ್ಪು ಪ್ರತಿಗಳೇ ಸಿಗುವ ಸಂಭವವಿದೆ. ಮೇಲೆ ಹೇಳಿದ ಚರ್ಮದ ಮತ್ತು ಸ್ನಾಯುವಿನ ರೋಗ ಬರುವುದು ಹೀಗೆ. ಅದರಲ್ಲಿ ತಂದೆಯ ಪಾಲು ತಾಯಿಯಷ್ಟೇ ಸಮ. ಆಲ್ಪೋರ್ಟ್ ರೋಗ ಹೆಚ್ಚಿನ ಮನೆಗಳಲ್ಲಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ಆದರೆ ಆಕೆಯೂ ಅದನ್ನು ಬೇಡಿ ಪಡೆದವಳಲ್ಲ. ಅವಳ ಮೂತ್ರಪಿಂಡವೂ ಕೆಡಬಹುದು, ಆದ್ದರಿಂದ ಅವಳಿಗೂ ತಪಾಸಣೆ ಬೇಕು.

ಟಗರು ಬದಲಿಸುವ ಜಾಣತನ

ನಮ್ಮ ಜತ್ತ ತಾಲ್ಲೂಕಿನ ಮಾಡಗ್ಯಾಳ ಊರಿನ ಹೆಸರು ಹೊತ್ತ ಕುರಿ ದೂರದೂರಕ್ಕೆ ಪ್ರಸಿದ್ಧ. ಕುರಿ ಸಾಕುವವರಿಗೆ ಪಶುವೈದ್ಯರು ಹೇಳುವ ಮೊದಲ ಮಾತು: ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಿ, ತನ್ನ ಮರಿಗಳ ಮೇಲೆ ಅದೇ ಟಗರು ಹೋಗದಂತೆ ನೋಡಿಕೊಳ್ಳಿ. ಇದಕ್ಕೆ ತಳಪೊರೆಯಿಂದಲೇ ಒಂದು ಸಾಕ್ಷಿ ಇದೆ. ಜರ್ಮನಿಯ ಕಪ್ಪುತಲೆಯ ಮಾಂಸದ ಕುರಿಗಳಲ್ಲಿ ಹುಟ್ಟಿದ ಕೆಲವು ಮರಿಗಳ ಚರ್ಮ ಸುಲಿದು, ಗೊರಸು ಕಳಚಿ ಬೀಳುತ್ತಿತ್ತು. ಕಾರಣ ಚರ್ಮದ ಲ್ಯಾಮಿನಿನ್ನಿನ ಒಂದು ಸರಪಳಿಯ ಬರಹದಲ್ಲಿನ ತಪ್ಪು ಎಂದು 2011ರಲ್ಲಿ ಪ್ರಕಟವಾಯಿತು. ಮನುಷ್ಯರ ಮಗುವಿಗೆ ಬರುವುದೂ ಅದೇ ರೋಗ.

ಕುರಿಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು ಮಕ್ಕಳ ಮದುವೆಯಲ್ಲಿ ಏನು ಮಾಡುತ್ತೇವೆ? ಹೊಲ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗೇ ಇರಲಿ, ಕೊಡುವುದು ಬಿಡುವುದು ಕಡಿಮೆಯಾಗಲಿ ಎಂದು ಅಕ್ಕನ ಮಗಳನ್ನು ತಮ್ಮನಿಗೆ, ಸೋದರತ್ತೆಯ ಮಗನಿಗೆ ಸೋದರಮಾವನ ಮಗಳನ್ನು ಕೊಡುತ್ತೇವೆ. ಇದು ಒಂದು ಊರಿನ, ಒಂದು ಜಾತಿಯ ಮಾತಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆ ನಡೆಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಅವರ ಸಂಗಡಿಗರು ತಂದೆತಾಯಿಯರ ಸಂಬಂಧವನ್ನೂ ಕೇಳಿ ಬರೆದುಕೊಂಡರು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಅವುಗಳಲ್ಲಿ ಸೋದರಮಾವನ ಜೊತೆಗಿನ ಮದುವೆಗಳೇ ಹೆಚ್ಚು.

ಲೆಕ್ಕ ಸರಳವಾಗಿದೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳಲ್ಲಿ ನಾಲ್ಕನೇ ಒಂದು ಪಾಲು ಒಂದೇ ಮೂಲದ್ದು. ಸೋದರತ್ತೆ-ಸೋದರಮಾವನ ಮಕ್ಕಳ ನಡುವೆ ಎಂಟನೇ ಒಂದು ಪಾಲು. ಆದ್ದರಿಂದ ಅಜ್ಜನಲ್ಲಿ ಅಡಗಿದ್ದ ಒಂದೇ ತಪ್ಪು ಎರಡು ದಾರಿಯಿಂದ ಬಂದು ಮೊಮ್ಮಗುವಿನಲ್ಲಿ ಸೇರಬಹುದು. ಯಾವ ಸಂಬಂಧವೂ ಇಲ್ಲದ ದಂಪತಿಗೆ ಹುಟ್ಟುವ ನೂರು ಮಕ್ಕಳಲ್ಲಿ ಎರಡು-ಮೂರು ಮಕ್ಕಳಿಗೆ ಹುಟ್ಟುನ್ಯೂನತೆ ಕಂಡರೆ, ಸೋದರ ಸಂಬಂಧದ ಮಕ್ಕಳು ಮದುವೆಯಾದಾಗ ಅದು ನಾಲ್ಕರಿಂದ ಆರರ ತನಕ ಏರುತ್ತದೆ. ಸೋದರಮಾವನ ಮದುವೆಯಲ್ಲಿ ಅಪಾಯ ಇನ್ನೂ ಹೆಚ್ಚು.

ಧರ್ಮಸಭೆಯ 1983ರ ನಿಯಮಸಂಹಿತೆಯ 1091ನೇ ವಿಧಿ ಈ ಎರಡೂ ಬಗೆಯ ಮದುವೆಗಳನ್ನು ತಡೆಯುತ್ತದೆ. ವಿಶೇಷ ಅನುಮತಿ ಇಲ್ಲದೆ ಅವು ಸಿಂಧುವಾಗುವುದಿಲ್ಲ. ಮದುವೆಯ ಅರ್ಜಿಯಲ್ಲಿ ಸಂಬಂಧ ಕೇಳುವುದು ಬರೀ ಕಾಗದ ತುಂಬಿಸಲಿಕ್ಕಲ್ಲ. ದಯವಿಟ್ಟು ಅಲ್ಲಿ ನಿಜ ಬರೆಯಿರಿ. ಇನ್ನು ಈಗಾಗಲೇ ಸಂಬಂಧದಲ್ಲಿ ಮದುವೆಯಾದವರು ಹೆದರಬೇಕಿಲ್ಲ, ನಾಚಬೇಕಿಲ್ಲ. ಅವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಬಸಿರಿನ ಮೊದಲು ವೈದ್ಯರಿಗೆ ಸಂಬಂಧ ತಿಳಿಸಿದರೆ ಸಾಕು.

ತಾಯಿಯ ಪೋಷಣೆ

ಬರಹ ಸರಿಯಿದ್ದರೂ ನೇಯಲು ನೂಲು ಬೇಕಲ್ಲವೇ? ಕೊಲಾಜೆನ್ ಎಳೆಗಳು ಗಟ್ಟಿಯಾಗಲು ಸಿ ಜೀವಸತ್ವ ಮತ್ತು ಕಬ್ಬಿಣಾಂಶ ಎರಡೂ ಬೇಕು. ಬಸುರಿಗೆ ನೆಲ್ಲಿಕಾಯಿ, ಪೇರಲ, ನಿಂಬೆ, ನುಗ್ಗೆಸೊಪ್ಪು ಕೊಡಿ. ಸಜ್ಜೆ ರೊಟ್ಟಿ, ಬೇಳೆ, ಕಾಳು, ಆಗಾಗ ಮೊಟ್ಟೆ ಇರಲಿ. ಆಸ್ಪತ್ರೆಯಿಂದ ಕೊಡುವ ಕಬ್ಬಿಣದ ಮಾತ್ರೆ ಬಿಡಬಾರದು. ಗರ್ಭದಲ್ಲಿ ಸರಿಯಾಗಿ ಬೆಳೆಯದೆ ಕಡಿಮೆ ತೂಕದಲ್ಲಿ ಹುಟ್ಟುವ ಮಗುವಿಗೆ ಮೂತ್ರಪಿಂಡದ ಫಿಲ್ಟರುಗಳೂ ಕಡಿಮೆ ಇರುತ್ತವೆ. ಅವನ್ನು ಆಮೇಲೆ ಕೂಡಿಸಲು ಬರುವುದಿಲ್ಲವೆಂದು ಮೇಲೆ ಓದಿದಿರಿ.

ದ್ರಾಕ್ಷಿಗೆ ಬೋರಾನ್, ಸತು ಎಷ್ಟು ಕಡಿಮೆ ಬೇಕೋ, ಇಲ್ಲದಿದ್ದರೆ ಎಷ್ಟು ಕೆಡುಕೋ ನಿಮಗೆ ಗೊತ್ತು. 2014ರಲ್ಲಿ ಅಮೆರಿಕದ ವಿಜ್ಞಾನಿಗಳು, ನಾಲ್ಕನೆಯ ಮಾದರಿಯ ಕೊಲಾಜೆನ್ನಿನ ಎಳೆಗಳನ್ನು ಗಂಟು ಹಾಕಲು ಚಿಟಿಕೆಗಿಂತಲೂ ಕಡಿಮೆ ಬ್ರೋಮಿನ್ ಬೇಕೆಂದು ತೋರಿಸಿದರು. ಅದು ದಿನನಿತ್ಯದ ಆಹಾರದಲ್ಲೇ ಸಿಗುತ್ತದೆ. ಅದಕ್ಕಾಗಿ ಟಾನಿಕ್ ಕೊಳ್ಳಬೇಡಿ.

ಮಿಶ್ರಿ ಹಚ್ಚುವ ಅಕ್ಕತಂಗಿಯರಿಗೆ ಒಂದು ಮಾತು: ಮಿಶ್ರಿ ಎಂದರೆ ಹುರಿದ ತಂಬಾಕು. ಹಲ್ಲಿಗೆ ಹಚ್ಚಿದ್ದೂ ರಕ್ತಕ್ಕೆ ಸೇರಿ ಮಗುವನ್ನು ಮುಟ್ಟುತ್ತದೆ, ಮಗುವಿನ ತೂಕ ಕಡಿಮೆ ಮಾಡುತ್ತದೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ ತಾಯಿ-ಮಗುವಿನ ನಡುವಿನ ಮಾಸಿನಲ್ಲಿ ತಳಪೊರೆ ದಪ್ಪವಾಗುತ್ತದೆ. ಬಸಿರಿನಲ್ಲಿ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ.

ಆದರೆ ಒಂದನ್ನು ಸ್ಪಷ್ಟವಾಗಿ ಹೇಳಬೇಕು. ವಂಶವಾಹಿಯ ತಪ್ಪನ್ನು ಯಾವ ಊಟವೂ ತಿದ್ದದು. ಆದ್ದರಿಂದ ಅಂಥ ಮಗು ಹುಟ್ಟಿದ ತಾಯಿಗೆ 'ನೀನು ಸರಿಯಾಗಿ ತಿನ್ನಲಿಲ್ಲ' ಎನ್ನುವುದೂ ತಪ್ಪೇ.

ಮನೆಯಲ್ಲಿ ಏನು ಮಾಡಬೇಕು?

1. ಹುಟ್ಟಿದ ಮಗುವಿಗೆ ಮುಟ್ಟಿದಲ್ಲೆಲ್ಲ ಗುಳ್ಳೆ ಎದ್ದರೆ ಅರಿಸಿನ, ಬೂದಿ, ಸೊಪ್ಪಿನ ರಸ ಹಚ್ಚಬೇಡಿ. ಅಂಟುಪಟ್ಟಿ ಹಾಕಬೇಡಿ. ಕಂಕುಳಲ್ಲಿ ಕೈ ಹಾಕಿ ಎತ್ತದೆ, ಮೆತ್ತನೆ ಬಟ್ಟೆಯ ಮೇಲೆ ಮಲಗಿಸಿ ಬಟ್ಟೆ ಸಮೇತ ಎತ್ತಿ. ಕೂಡಲೇ ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

2. ನಾಲ್ಕೈದು ತಿಂಗಳಾದರೂ ಮಗು ಕತ್ತು ನಿಲ್ಲಿಸದಿದ್ದರೆ 'ತಡವಾಗಿ ಬೆಳೆಯುತ್ತದೆ' ಎಂದು ಕಾಯಬೇಡಿ. ಸ್ನಾಯು ರೋಗಗಳ ತಪಾಸಣೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಗುತ್ತದೆ.

3. ಮನೆತನದಲ್ಲಿ ಎಳೆ ವಯಸ್ಸಿನ ಮೂತ್ರಪಿಂಡ ರೋಗ ಮತ್ತು ಕಿವುಡು ಎರಡೂ ಇದ್ದರೆ, ಎಲ್ಲ ಮಕ್ಕಳ ಮೂತ್ರ ಪರೀಕ್ಷೆ ಮಾಡಿಸಿ. ಕಣ್ಣಿಗೆ ಕಾಣದ ರಕ್ತ ಅದರಲ್ಲಿ ಕಾಣುತ್ತದೆ. ಬೇಗ ಗೊತ್ತಾದರೆ ರಕ್ತದೊತ್ತಡಕ್ಕೆ ಕೊಡುವ ಒಂದು ಜಾತಿಯ ಮಾತ್ರೆಯಿಂದ ವೈಫಲ್ಯವನ್ನು ವರ್ಷಗಟ್ಟಲೆ ಮುಂದೂಡಬಹುದು.

4. ಒಂದು ಮಗುವಿಗೆ ಇಂಥ ರೋಗ ಇದ್ದರೆ ಮುಂದಿನ ಬಸಿರಿಗೆ ಮೊದಲು, ಮನೆಯ ಉಳಿದ ಮಕ್ಕಳ ಮದುವೆಗೆ ಮೊದಲು, ವಂಶವಾಹಿ ಸಲಹೆ ಪಡೆಯಿರಿ. ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರದಲ್ಲಿ ಈ ಸಲಹೆ ಸಿಗುತ್ತದೆ.

ಚಿಕಿತ್ಸೆಯಲ್ಲೂ ದಾರಿಗಳು ತೆರೆಯುತ್ತಿವೆ. ಸಿರಿಯಾದಿಂದ ಜರ್ಮನಿಗೆ ಬಂದಿದ್ದ 7 ವರ್ಷದ ಹುಡುಗನೊಬ್ಬ ಚರ್ಮದ ಲ್ಯಾಮಿನಿನ್ ಇಲ್ಲದೆ ಮೈಚರ್ಮದ ಬಹುಪಾಲನ್ನು ಕಳೆದುಕೊಂಡು ಸಾವಿನ ಅಂಚಿನಲ್ಲಿದ್ದ. ಇಟಲಿಯ ವಿಜ್ಞಾನಿಗಳು ಅವನದೇ ಜೀವಕೋಶಗಳಿಗೆ ಸರಿಯಾದ ಬರಹ ಸೇರಿಸಿ ಚರ್ಮ ಬೆಳೆಸಿದರು. 2015ರಲ್ಲಿ ಜರ್ಮನಿಯ ಬೋಖುಮ್‌ನ ವೈದ್ಯರು ಅದನ್ನು ಅವನ ಮೈಗೆ ಕಸಿ ಮಾಡತೊಡಗಿದರು. ದೇಹದ ಸುಮಾರು 80 ಪ್ರತಿಶತ ಚರ್ಮ ಹೊಸದಾಯಿತು. ಹುಡುಗ ಶಾಲೆಗೆ ಮರಳಿದ. 2017ರಲ್ಲಿ ಈ ವರದಿ ಪ್ರಕಟವಾಯಿತು. ಎಲ್ಲರಿಗೂ ಕೈಗೆಟಕುವ ಚಿಕಿತ್ಸೆ ಇದಲ್ಲ, ಆದರೂ ಆಗದ ಮಾತಲ್ಲ ಎಂದು ತೋರಿಸಿದೆ.

ಕುಟುಂಬದಲ್ಲಿ ಕೂತು ಮಾತಾಡಲು

ಈ ವಾರ ಊಟವಾದ ಮೇಲೆ ಮೂರು ಪ್ರಶ್ನೆಗಳನ್ನು ಮನೆಯಲ್ಲಿ ಕೇಳಿಕೊಳ್ಳಿ. ನಮ್ಮ ಮನೆತನದಲ್ಲಿ ಹುಟ್ಟಿನಿಂದ ರೋಗವಿದ್ದ ಮಕ್ಕಳು, ಎಳೆ ವಯಸ್ಸಿನಲ್ಲಿ ತೀರಿಹೋದವರು ಯಾರು? ಅವರ ತಂದೆತಾಯಿಗೆ ಮದುವೆಗೆ ಮೊದಲು ಏನು ಸಂಬಂಧವಿತ್ತು? ಅಂಥ ಮಗುವಿನ ತಾಯಿಗೆ ನಾವು ಯಾವ ಮಾತು ಆಡಿದೆವು? ಮೊದಲ ಎರಡಕ್ಕೆ ಉತ್ತರವನ್ನು ಒಂದು ವಹಿಯಲ್ಲಿ ಹೆಸರು, ವಯಸ್ಸಿನ ಸಮೇತ ಬರೆದಿಡಿ. ವೈದ್ಯರ ಬಳಿ ಹೋಗುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಮೂರನೆಯದರ ಉತ್ತರ ನೋವಿನದಾಗಿದ್ದರೆ, ಆ ತಾಯಿ ಇನ್ನೂ ನಮ್ಮ ನಡುವೆ ಇದ್ದರೆ, ಅವಳ ಮನೆಗೆ ಒಮ್ಮೆ ಹೋಗಿ ಬನ್ನಿ.